ರಾಣಿ ಒಂದು, ಲೇಡೀಸ್ ಇಪ್ಪತ್ತು

ಶಿವಾಜಿನಗರದ ಮಾರ್ಕೆಟ್ ಹಿಂದಿನ ಗಲ್ಲೀಲಿ, ಬಿರಿಯಾನಿ ಹೋಟ್ಲಿಗೂ ಸೀಟ್ ಕವರ್ ಅಂಗಡಿಗೂ ಮಧ್ಯೆ ಒಂದು ಕಡಿದಾದ ಮೆಟ್ಟಿಲಿದೆ. ಹತ್ತಿ ಬಂದ್ರೆ ನಮ್ಮ ವೇಷದ ಅಂಗಡಿ. ನಾಟಕ, ಫ್ಯಾನ್ಸಿ ಡ್ರೆಸ್ಸು, ಸ್ಕೂಲ್ ಡೇ ಅಂದ್ರೆ ಹಲಸೂರಿಂದ ಹಿಡಿದು ಕೆ.ಆರ್. ಪುರದವರೆಗೆ ಮಕ್ಕಳು ರಾಜ ಆಗೋದೂ ನಮ್ಮಲ್ಲೇ, ಟೊಮೇಟೊ ಆಗೋದೂ ನಮ್ಮಲ್ಲೇ. ಇದು ನಮ್ಮ ಮಾವ ಶುರು ಮಾಡಿದ ಅಂಗಡಿ. ಅವರ ಕಾಲದಲ್ಲಿ ನಾಟಕ ಕಂಪನಿಯವರು ಬರ್ತಿದ್ರಂತೆ, ನನ್ನ ಕಾಲಕ್ಕೆ ಬರೋರೆಲ್ಲ ಟೀಚರುಗಳು. ಮದುವೆ ಆಗಿ ಬಂದ ಹೊಸದರಲ್ಲಿ ಮೂಗು ಮುಚ್ಚಿಕೊಂಡು ಟ್ರಂಕು ತೆಗೀತಿದ್ದೆ, ಅಷ್ಟು ನುಸಿಗುಳಿಗೆ ವಾಸನೆ. ಈಗ ಆ ವಾಸನೆ ಇಲ್ಲದ ಸೀರೆ ಉಟ್ರೆ ನನಗೇ ಏನೋ ಮರೆತು ಬಂದ ಹಾಗಾಗತ್ತೆ.

ಆರ್ಡರು ಬರೋದು ಫೋನಲ್ಲಿ. "ಮೇಡಂ, ರಾಜ ಎರಡು, ಮಂತ್ರಿ ಒಂದು, ಸೇನಾಪತಿ ಒಂದು, ಸೈನಿಕರು ಹತ್ತು, ಬ್ರಿಟಿಷ್ ಆಫೀಸರ್ ಮೂರು, ರಾಣಿ ಒಂದು, ಲೇಡೀಸ್ ಇಪ್ಪತ್ತು." ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾರೆ. ಲೇಡೀಸ್ ಅಂದ್ರೆ ನಮ್ಮ ಕಸುಬಲ್ಲಿ ಒಂದು ಸೆಟ್ಟಿನ ಹೆಸರು. ಸೊಂಟಕ್ಕೆ ಎಲಾಸ್ಟಿಕ್ ಹಾಕಿ ಹೊಲಿದ ಸೀರೆ, ಹಿಂದೆ ಪಿನ್ನು ಹಾಕಿದ್ರೆ ಯಾರಿಗಾದ್ರೂ ಆಗೋ ರವಿಕೆ, ಪ್ಲಾಸ್ಟಿಕ್ ಬಳೆ, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಕೊಡ. ರಾಜ ಬಂದಾಗ ಇವರು ಹಿಂದೆ ನಿಂತು ಹೂವು ಎರಚಬೇಕು, ರಾಜ ಸತ್ತಾಗ ಅಳಬೇಕು, ಅಷ್ಟೇ. ಎಲ್ಲಾ ಸೀರೆನೂ ಒಂದೇ ಬಟ್ಟೆ ಥಾನಿಂದ ಕತ್ತರಿಸಿದ್ದು. ಟೀಚರುಗಳಿಗೆ ಹಾಗೇ ಬೇಕು, ಬಣ್ಣ ಬೇರೆ ಬೇರೆ ಆದ್ರೆ ಸ್ಟೇಜ್ ಮೇಲೆ ಚೆನ್ನಾಗಿ ಕಾಣಲ್ಲ ಅಂತಾರೆ.

ಈಚೆಗೆ ಮಾತ್ರ ನಾನು ತಿರುಗಿ ಕೇಳ್ತೀನಿ, "ಯಾವ ಲೇಡೀಸು? ಏನ್ ಮಾಡ್ತಿರ್ತಾರೆ ಅವ್ರು?" ಆ ಕಡೆಯವರಿಗೆ ಅರ್ಥ ಆಗಲ್ಲ. "ಸುಮ್ನೆ ಲೇಡೀಸ್ ಮೇಡಂ, ಜನರಲ್ ಲೇಡೀಸು" ಅಂತಾರೆ. ನಮ್ಮ ಟೈಲರ್ ಮಾಸ್ಟರು ಮಿಷನ್ ಮೇಲಿಂದ ತಲೆ ಎತ್ತಿ, "ಕ್ಯಾ ಅಮ್ಮಾ, ಬಂದ ಗಿರಾಕೀನ ಓಡಿಸ್ತೀರಾ?" ಅಂತ ಬೈತಾರೆ. ಬೈಕೊಳ್ಳಲಿ ಬಿಡಿ. ನಾನ್ಯಾಕೆ ಹಾಗೆ ಕೇಳ್ತೀನಿ ಅನ್ನೋದನ್ನ ಹೇಳೋಕೇ ಇಷ್ಟು ಬರೀತಿರೋದು.

ನಾನು ಓದಿದ್ದು ಹತ್ತನೇ ಕ್ಲಾಸು, ಹಲಸೂರಲ್ಲಿ. ಆದ್ರೂ ಚರಿತ್ರೆ ಪುಸ್ತಕ ಬದಲಾದ್ರೆ ಈ ಏರಿಯಾದಲ್ಲಿ ಮೊದಲು ಗೊತ್ತಾಗೋದು ನನಗೇ. ಹೊಸ ಪಾಠದಲ್ಲಿ ಹೊಸ ರಾಜ ಬಂದ ಅಂದ್ರೆ ಜುಲೈ ಹೊತ್ತಿಗೇ ಫೋನು ಬಡ್ಕೊಳ್ಳೋಕೆ ಶುರು. "ಆ ಥರದ ಪೇಟ ಇದೆಯಾ, ಪುಸ್ತಕದ ಚಿತ್ರದಲ್ಲಿ ಮೀಸೆ ಕೆಳಕ್ಕಿದೆ, ನಿಮ್ಮಲ್ಲಿ ಮೇಲಕ್ಕಿದೆ, ಏನ್ ಮಾಡೋದು?" ಗಂಡಸರ ವೇಷಕ್ಕೆ ಅಷ್ಟು ತಕರಾರು. ಒಬ್ಬೊಬ್ಬ ರಾಜನಿಗೂ ಬೇರೆ ಬೇರೆ ಪೇಟ, ಬೇರೆ ಕತ್ತಿ, ಬೇರೆ ಮೀಸೆ. ಮೀಸೆ ಅಂಟಿಸೋ ಸ್ಪಿರಿಟ್ ಗಮ್ಮಿನ ಬಾಟ್ಲಿ ಹಿಡ್ಕೊಂಡು ನಮ್ಮ ಮಾಸ್ಟರೇ ಸ್ಕೂಲಿಗೆ ಹೋಗಿ, ಹುಡುಗರನ್ನ ಸಾಲಾಗಿ ಕೂರಿಸಿ, ಪೇಟ ಕಟ್ಟಿ ಬರಬೇಕು. ಹುಡುಗೀರ ಸೆಟ್ಟಿಗೆ ನಾವು ಯಾರನ್ನೂ ಕಳಿಸಲ್ಲ, ಅವ್ರೇ ಉಟ್ಕೊತಾರೆ.

ರಾಣೀದು ಇನ್ನೊಂದು ಕಥೆ. ಇಷ್ಟೂ ವರ್ಷದಲ್ಲಿ ನಾವು ಇಟ್ಟಿರೋದು ಒಂದೇ ರಾಣಿ ಸೆಟ್ಟು. ಕಚ್ಚೆ ಹಾಕಿ ಉಡಿಸಿ ಕೈಗೆ ಕತ್ತಿ ಕೊಟ್ರೆ ಒಬ್ಬ ರಾಣಿ, ಬೆನ್ನಿಗೆ ಗೊಂಬೆ ಕಟ್ಟಿದ್ರೆ ಇನ್ನೊಬ್ಬ ರಾಣಿ. ರಾಜನ ತಾಯಿ ಬೇಕಾದ್ರೆ ಬಿಳಿ ಸೀರೆ ಕೊಟ್ಟು ತಲೆಗೆ ಒಂದಿಷ್ಟು ಪೌಡರ್ ಉಜ್ಜೋದು. ರಾಣಿಯೂ ಅಲ್ಲದೆ, ತಾಯಿಯೂ ಅಲ್ಲದೆ, ಹೆಸರು ಹಿಡಿದು ಮಕ್ಕಳು ಕೇಳ್ಕೊಂಡು ಬರೋ ಹೆಂಗಸು ಅಂದ್ರೆ ಆ ಒನಕೆ ಹಿಡಿದವಳು ಒಬ್ಬಳೇ. ಅವಳ ಪುಣ್ಯಕ್ಕೆ ನಮ್ಮ ಅಂಗಡೀಲಿ ಒಂದು ಥರ್ಮಾಕೋಲ್ ಒನಕೆ ಇದೆ. ಉಳಿದೋರೆಲ್ಲ ಲೇಡೀಸೇ. ಸೈನಿಕರಿಗೆ ರೆಕ್ಸಿನ್ ಬೂಟಿದೆ, ರಾಣಿಗೆ ಜರಿ ಚಪ್ಪಲಿ ಇದೆ, ಲೇಡೀಸ್ ಸೆಟ್ಟಲ್ಲಿ ಕಾಲಿಗೆ ಏನೂ ಇಲ್ಲ. ಬೇಕು ಅಂತ ಯಾರೂ ಕೇಳಿಲ್ಲ, ನಾವೂ ಇಟ್ಟಿಲ್ಲ.

ಮೊನ್ನೆ ಡಿಸೆಂಬರಿನಲ್ಲಿ ಕೆ.ಆರ್. ಪುರದ ಕಡೆಯ ಒಂದು ಸರ್ಕಾರಿ ಹೈಸ್ಕೂಲಿಂದ ಹಿಸ್ಟರಿ ಟೀಚರು ಬಂದ್ರು. ಚಿಕ್ಕ ವಯಸ್ಸು, ರಾಯಚೂರು ಕಡೆಯವರು. ಜೊತೇಲಿ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ, ಟೀಚರಿಗಿಂತ ಒಂದು ಗೇಣು ಎತ್ತರ. ಮೆಟ್ಟಿಲು ಹತ್ತಿ ಬರುವಾಗ ನಮ್ಮ ಬಾಗಿಲಿಗೆ ಹಣೆ ಹೊಡ್ಕೊಂಡು, "ಯವ್ವಾ" ಅಂತ ಅಲ್ಲೇ ಕೂತ್ಲು. ಆಮೇಲೆ ತಾನೇ ನಗೋಕೆ ಶುರು ಮಾಡಿದ್ಲು. ನನಗೆ ಆಗ್ಲೇ ಹಿಡಿಸಿಬಿಟ್ಲು.

ಟೀಚರು ಚೀಲದಿಂದ ಪಾಠದ ಪುಸ್ತಕ ತೆಗೆದು ತೋರಿಸಿದ್ರು. ಒಬ್ಬ ರಾಜ ಕೆರೆ ಕಟ್ಟಿಸಿದ ಪಾಠ. ಅದನ್ನೇ ಹೆಡ್ ಮೇಷ್ಟ್ರು ನಾಟಕ ಮಾಡಿ ಬರೆದಿದ್ದಾರಂತೆ. ಪುಟದ ತುಂಬಾ ಚಿತ್ರ. ಕುದುರೆ ಮೇಲೆ ರಾಜ, ಬೆರಳು ಮಾಡಿ ತೋರಿಸ್ತಿದ್ದಾನೆ, ಅವನ ಉಂಗುರದ ಕಲ್ಲನ್ನೂ ಬಿಡದೆ ಬರೆದಿದ್ದಾರೆ. ಹಿಂದುಗಡೆ ಕೆರೆ ಏರಿ ಮೇಲೆ ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು. ಅವರಿಗೆ ಮುಖಾನೇ ಬರೆದಿಲ್ಲ! ಮೊಟ್ಟೆ ಥರ ಒಂದು ಗುಂಡಗೆ, ಅದರ ಮೇಲೊಂದು ಬುಟ್ಟಿ, ಮುಗೀತು. ಅದರಲ್ಲಿ ಒಬ್ಬಳಿಗೆ ಮಾತ್ರ ಯಾರೋ ಬಾಲ್ ಪೆನ್ನಲ್ಲಿ ಕಣ್ಣು, ಮೂಗು, ಮೂಗುತಿ ಬರೆದಿದ್ರು.

"ಇದ್ಯಾರು ಬರೆದಿದ್ದು?" ಅಂದೆ.

"ಇಕಿನ ಪುಸ್ತಕ ರೀ ಅಕ್ಕಾರ, ಮತ್ಯಾರ ಬರೀತಾರ?" ಅಂದ್ರು ಟೀಚರು. "ಬ್ಯಾರೆ ಹುಡುಗ್ರು ರಾಣಿಗೆ ಮೀಸಿ ಬರೀತಾರ, ಇಕಿ ಇದನ್ನ ಬರದಾಳ."

ಹುಡುಗಿ ಗೋಡೆ ಕಡೆ ತಿರುಗಿ ನಗ್ತಿದ್ಲು. ನಾನು ಆ ಮೂಗುತಿ ಇನ್ನೊಂದು ಸಲ ನೋಡಿದೆ. ನಾವು ಓದುವಾಗಲೂ ಹೀಗೇ ಇತ್ತಲ್ವಾ ಅನ್ನಿಸ್ತು. ಐದು ಮಾರ್ಕಿಗೆ ರಾಜ ಬರ್ತಿದ್ದ, ಅವನ ಸಾಧನೆ ವಿವರಿಸಿ ಅಂತ. ಹೆಂಗಸು ಬರ್ತಿದ್ದಿದ್ದು ಒಂದು ಮಾರ್ಕಿಗೆ, ಬಿಟ್ಟ ಸ್ಥಳ ತುಂಬಿ ಅಂತ. ಇಂಥವನ ತಾಯಿ ಯಾರು, ಇಂಥವನ ಹೆಂಡತಿ ಯಾರು. ನಾವೂ ಬಾಯಿಪಾಠ ಹೊಡೆದು ತುಂಬಿ ಬರ್ತಿದ್ವಿ, ಆ ತಾಯಿ ಏನ್ ಮಾಡ್ತಿದ್ಲು ಅಂತ ಒಬ್ರೂ ಕೇಳಿದ್ದಿಲ್ಲ.

ಟೀಚರು ಮಾಸ್ಟರ ಜೊತೆ ಒಳಕೋಣೆಗೆ ಪೇಟ ಆರಿಸೋಕೆ ಹೋದ್ರು. ಹುಡುಗಿ ನನ್ನ ಹತ್ರ ಉಳಿದ್ಲು. ನಾನು ಲೇಡೀಸ್ ಟ್ರಂಕು ತೆಗೆದು ಸೀರೆ ಎಣಿಸ್ತಾ ಇದ್ದೆ. ಅವಳು ಒಂದೊಂದನ್ನೇ ಎತ್ತಿ, ತಿರುಗಿಸಿ, ಮತ್ತೆ ಇಡೋಳು.

"ಅಕ್ಕಾರ, ಇದರಾಗ ಒಂದು ಬ್ಯಾರೆ ಥರದ್ದು ಇಲ್ಲೇನ್ರಿ?"

"ಇಲ್ಲ ಕಣಮ್ಮಾ. ಲೇಡೀಸ್ ಎಲ್ಲಾ ಒಂದೇ."

"ಒಂದಾದ್ರೂ?"

"ಒಂದೂ ಇಲ್ಲ. ನಿಂಗ್ಯಾಕೆ ಬೇರೆದು? ರಾಣಿ ಆಗ್ಬೇಕಾ?" ನಾನು ಸ್ವಲ್ಪ ಜೋರಾಗೇ ಅಂದೆ. ಬೆಳಗಿಂದ ಮೂರು ಸ್ಕೂಲಿನವರು ತಲೆ ತಿಂದಿದ್ರು, ನನ್ನ ಕೋಪ ಮೂಗಿನ ತುದೀಲೇ ಇತ್ತು.

ಅವಳು ಒಳಕೋಣೆ ಕಡೆ ಒಂದು ಸಲ ನೋಡಿ, ದನಿ ಇಳಿಸಿ ಹೇಳಿದ್ಲು. ಅವರದ್ದು ಯಾದಗಿರಿ ಕಡೆ. ಅವ್ವ ಇಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗ್ತಾಳೆ, ಸ್ಕೂಲ್ ಹತ್ರಾನೇ ಒಂದು ರೂಮಿನ ಬಾಡಿಗೆ ಮನೆ. ಹೋದ ವರ್ಷ ಸ್ಕೂಲ್ ಡೇಗೆ ಅವ್ವ ಕೆಲಸ ಬಿಟ್ಟು ಬಂದಿದ್ಲಂತೆ, ಹಿಂದೆ ಕಾಂಪೌಂಡ್ ಹತ್ರ ನಿಂತಿದ್ಲಂತೆ. ಇವಳು ಎತ್ತರ ಅಂತ ಯಾವಾಗ್ಲೂ ಹಿಂದಿನ ಸಾಲಿಗೇ ಹಾಕೋದು, ಕೊಡ ಹಿಡಿದು. ಎಲ್ಲಾ ಒಂದೇ ಸೀರೆ, ಒಂದೇ ಸೆರಗು, ಹಣೆವರೆಗೂ ಮುಸುಕು.

"ನಮ್ಮವ್ವ ಬ್ಯಾರೆ ಹುಡುಗಿನ್ನ ನೋಡಿ ಚಪ್ಪಾಳಿ ಹೊಡದಾಳ್ರೀ. ನಾ ಈ ಕಡಿ ಇದ್ದೆ, ಆಕಿ ಆ ಕಡಿ ಮುಖ ಮಾಡಿ ಹೊಡೀಲತ್ತಿದ್ಲು. ಮನಿಗೆ ಹೋದ ಮ್ಯಾಲ, ನೀ ಆ ತುದೀಗೆ ನಿಂತಿದ್ದಿ ಅಲ್ಲ, ಭಾಳ ಚಂದ ಕಂಡಿ ಅಂದ್ಲು."

"ನೀನೇನಂದೆ?"

"ಹೂಂ ಅಂದೆ."

ಹೋದ ವರ್ಷವೂ ಆ ಸ್ಕೂಲಿಗೆ ವೇಷ ಹೋಗಿದ್ದು ನಮ್ಮಂಗಡಿಯಿಂದ್ಲೇ. ಆ ಸೀರೆಗಳನ್ನ ಒಂದೇ ಥಾನಿಂದ ಕತ್ತರಿಸಿದ್ದು ನಾವೇ ಅಲ್ವಾ? ಎಣಿಸ್ತಿದ್ದ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದೆ.

"ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ. ಟೀಚರಿಗೂ ಹೇಳಿಲ್ಲ. ನಮ್ಮವ್ವಗ ಗೊತ್ತಾದ್ರ ಸಂಕಟ ಮಾಡ್ಕೊಂತಾಳ."

"ಇಲ್ಲ ಹೇಳಲ್ಲ. ನನ್ನಾಣೆ" ಅಂದೆ. ಅದಕ್ಕೇ ಇಲ್ಲಿ ಯಾರ ಹೆಸರೂ ಬರೆದಿಲ್ಲ.

ಅಷ್ಟು ಹೊತ್ತಿಗೆ ಟೀಚರು ಬಂದ್ರು. ನಾನೇ ಕೇಳಿದೆ, ಈ ಹುಡುಗಿಗೆ ಒಂದು ಮಾತಾದ್ರೂ ಕೊಡಬಾರದಾ ನಾಟಕದಲ್ಲಿ ಅಂತ. ಟೀಚರ ಮುಖ ಸಣ್ಣಗಾಯ್ತು. ಕೇಳಿ ನೋಡಿದ್ರಂತೆ. ಪಾಠದಲ್ಲಿ ಹೆಂಗಸರ ಮಾತೇ ಇಲ್ಲ, ಇಲ್ಲದ್ದನ್ನ ಎಲ್ಲಿಂದ ತರ್ಲಿ ಅಂದ್ರಂತೆ ಹೆಡ್ ಮೇಷ್ಟ್ರು. ಟೀಚರು ಪಾಪ ಗೆಸ್ಟ್ ಟೀಚರು, ಹೆಚ್ಚು ಜಗ್ಗಾಡೋ ಹಾಗಿಲ್ಲ. "ಹಂಗಂತ ನಾ ಸುಮ್ನ ಕೂತಿಲ್ಲ ಅಕ್ಕಾರ. ಎತ್ತರ ಇದ್ದಿ, ದನಿ ಅದ, ನೀನೇ ರಾಜ ಆಗು ಅಂದೆ ಇಕಿಗೆ. ಇಕೀನೇ ಒಲ್ಲೆ ಅಂದ್ಲು."

"ಯಾಕೇ?"

ಹುಡುಗಿ ಥಟ್ ಅಂತ ಅಂದ್ಲು, "ಮೀಸಿ ಹಚ್ಚಿದ್ರ ನಮ್ಮವ್ವಗ ಹೆಂಗ ಗುರ್ತು ಸಿಗ್ತದ್ರೀ?"

ಮಾಸ್ಟರು ಬಿದ್ದು ಬಿದ್ದು ನಕ್ಕರು. ಟೀಚರೂ ನಕ್ಕರು. ನಾನು ನಗ್ತಾ ಸೀರೆ ಕಟ್ಟು ಕಟ್ಟಿದೆ, ಆದ್ರೆ ನನಗೆ ಒಳಗೆ ನಗು ಬಂದಿರಲಿಲ್ಲ.

ಈ ನಾಟಕಕ್ಕೆ ಕೊಡ ಬೇಡ, ಬುಟ್ಟಿ ಬೇಕಿತ್ತು. ನಾವು ಅಗ್ಗದ ಬಿದಿರು ಬುಟ್ಟಿ ತಂದು, ಮೇಲೆ ಕಂದು ಬಣ್ಣ ಹೊಡೆದ ಥರ್ಮಾಕೋಲ್ ತುಂಡು ಅಂಟಿಸಿ ಇಟ್ಟಿರ್ತೀವಿ, ಮಣ್ಣಿನ ಥರ ಕಾಣತ್ತೆ. ಹುಡುಗಿ ಒಂದು ಬುಟ್ಟಿ ಎತ್ತಿದ್ಲು. ಹಗುರ ಇದ್ದಿದ್ದಕ್ಕೆ ಅವಳ ಕೈ ಝಟ್ಟಂತ ಮೇಲಕ್ಕೆ ಹೋಯ್ತು. ಥರ್ಮಾಕೋಲ್ ಚಿವುಟಿ ನೋಡಿದ್ಲು. ತಲೆ ಮೇಲಿಟ್ಕೊಂಡು ಅಂಗಡೀಲೇ ನಾಲ್ಕು ಹೆಜ್ಜೆ ನಡೆದ್ಲು, ತೆಗೆದ್ಲು, ಮತ್ತೆ ಇಟ್ಕೊಂಡ್ಲು. ಏನೋ ಲೆಕ್ಕ ಹಾಕ್ತಿದ್ಲು.

"ಅಕ್ಕಾರ, ನನ್ನ ಬುಟ್ಯಾಗ ಖರೇನೇ ಮಣ್ಣು ಹಾಕ್ಕೊಳ್ಲೇನ್ರಿ?"

"ತಳ ಕಿತ್ತು ಹೋಗತ್ತೆ ಕಣೇ. ಅದೇನು ಮಣ್ಣು ಹೊರೋ ಬುಟ್ಟಿನಾ?"

"ಖಾಲಿ ಬುಟ್ಟಿ ಹೊತ್ರ ಎಲ್ಲಾರೂ ಒಂದೇ ಥರ ನಡೀತಾರ್ರೀ. ಭಾರ ಇದ್ರ ನಾ ನಮ್ಮವ್ವನಂಗ ನಡೀತೀನಿ. ಸೂಟಿ ಇದ್ದಾಗ ಆಕಿ ಜೋಡಿ ಕೆಲಸಕ್ಕ ಹೋಗ್ತೀನಲ್ಲ, ಆಕಿಗೆ ನನ್ನ ನಡಗಿ ಗೊತ್ತದ."

ಟೀಚರಿಗೆ ಇದು ಹುಡುಗಾಟದ ಮಾತಾಗಿ ಕೇಳಿಸಿರಬೇಕು, "ಏ ಹುಚ್ಚಿ, ನಡಿ ತಡ ಆಯ್ತು" ಅಂದ್ರು. ನನಗೆ ಮಾತ್ರ ಪೂರ್ತಿ ಅರ್ಥ ಆಯ್ತು. ಮೂಲೇಲಿ ಒಂದು ಗಟ್ಟಿ ಬೆತ್ತದ ಬುಟ್ಟಿ ಇತ್ತು, ನಮ್ಮತ್ತೆ ಕಾಲದ್ದು, ಅದರಲ್ಲಿ ಸೈನಿಕರ ಕತ್ತಿಗಳನ್ನ ನಿಲ್ಲಿಸ್ತಿದ್ವಿ. ಕತ್ತಿಗಳನ್ನೆಲ್ಲ ನೆಲಕ್ಕೆ ಸುರಿದು ಬುಟ್ಟಿ ಅವಳ ಕೈಗೆ ಕೊಟ್ಟೆ. ಮಾಸ್ಟರು "ಅರೇ ಅಮ್ಮಾ!" ಅಂದ್ರು. ನಾನು ಕಣ್ಣು ಕೆಕ್ಕರಿಸಿದೆ, ಮತ್ತೆ ಮಿಷನ್ ಕಡೆ ಹೋದ್ರು.

ಸ್ಕೂಲ್ ಡೇ ದಿನ ಮೀಸೆ ಅಂಟಿಸೋಕೆ ಮಾಸ್ಟರೇ ಹೋಗಬೇಕಿತ್ತು. ಅವರ ತಂಗಿ ಮಗಳ ನಿಕಾಹ್ ಇತ್ತು, ಹಾಗಾಗಿ ನಾನೇ ಹೊರಟೆ. ಸುಳ್ಳು ಯಾಕೆ ಹೇಳ್ಲಿ, ನಿಕಾಹ್ ಇಲ್ಲದಿದ್ರೂ ಹೋಗ್ತಿದ್ದೆ. ಗೂಡ್ಸ್ ಆಟೋದಲ್ಲಿ ಟ್ರಂಕುಗಳ ಮಧ್ಯೆ ಕೂತು ಹಲಸೂರು ದಾಟಿ, ಇಂದಿರಾನಗರ ದಾಟಿ, ಟಿನ್ ಫ್ಯಾಕ್ಟರಿ ಹತ್ರ ಸಿಕ್ಕಾಕ್ಕೊಂಡು, ಅಂತೂ ಇಂತೂ ತಲುಪಿದಾಗ ಹೆಡ್ ಮೇಷ್ಟ್ರು ಗೇಟಲ್ಲೇ ನಿಂತು ಗಡಿಯಾರ ನೋಡ್ತಿದ್ರು. ಕೆಟ್ಟ ಮನುಷ್ಯ ಏನಲ್ಲ. ಬಿಳಿ ಶರ್ಟಿನ ಮೇಲೆ ಆಗ್ಲೇ ಬೆವರು, ಕೈಯಲ್ಲಿ ಹಾರದ ಪೊಟ್ಟಣ. ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ.

ಒಂದು ಕ್ಲಾಸ್ ರೂಮಲ್ಲಿ ನಾನು ಹುಡುಗರಿಗೆ ಮೀಸೆ ಅಂಟಿಸ್ತಾ ಕೂತೆ. ಬಾಗಿಲಿಂದ ಪಕ್ಕದ ರೂಮು ಕಾಣ್ತಿತ್ತು. ಹುಡುಗೀರು ಒಬ್ಬರಿಗೊಬ್ಬರು ಪಿನ್ನು ಹಾಕ್ತಿದ್ರು, ಸೆರಗು ಎಳೆದು ಕಿತ್ತಾಡ್ತಿದ್ರು. ನಮ್ಮ ಹುಡುಗಿ ಕಾಣಲಿಲ್ಲ. ಕಿಟಕಿ ಆಚೆ ನೋಡಿದ್ರೆ, ಆಟದ ಮೈದಾನದ ಮೂಲೇಲಿ ಕೂತು ಎರಡೂ ಕೈಯಲ್ಲಿ ಬುಟ್ಟಿಗೆ ಮಣ್ಣು ತುಂಬ್ತಿದ್ಲು. ಇನ್ನೊಬ್ಬಳು ಪಕ್ಕದಲ್ಲಿ ನಿಂತು ಯಾರಾದ್ರೂ ಬರ್ತಾರಾ ಅಂತ ಕಾಯ್ತಿದ್ಲು. "ಸಾಕು ಕಣೇ, ಅಷ್ಟೊಂದು ಬೇಡ್ವೇ!" ಅಂತ ನಾನು ಕೂಗಿದೆ, ಮೈಕಿನ ಹಾಡಲ್ಲಿ ಯಾರಿಗೆ ಕೇಳಿಸತ್ತೆ?

ನಾಟಕ ಶುರುವಾಯ್ತು. ನಾನು ಸ್ಟೇಜ್ ಪಕ್ಕ ಪರದೆ ಹತ್ರ ನಿಂತೆ. ಮುಂದೆ ಕುರ್ಚಿಗಳು, ಹಿಂದೆ ತಾಯಿತಂದೇರು ನಿಂತಿದ್ರು. ರಾಜ ಬಂದ, ಮಂತ್ರಿ ಬಂದ, ಬರಗಾಲ ಬಂತು, ರಾಜ ಕನಸು ಕಂಡ. ಹುಡುಗ ಚೆನ್ನಾಗೇ ಮಾಡ್ತಿದ್ದ. ಆಮೇಲೆ ಲೇಡೀಸ್ ಬಂದ್ರು.

ಎಲ್ಲಾ ಹುಡುಗೀರೂ ಒಂದು ಕೈಯಲ್ಲಿ ಬುಟ್ಟಿ ಹಿಡಿದು, ಇನ್ನೊಂದು ಕೈ ಬೀಸ್ಕೊಂಡು, ಕುಣಿದಾಡ್ತಾ ಬಂದ್ರು. ಕೊನೇಲಿ ಇವಳು. ಅವಳ ತಲೆ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಅದರ ಮೇಲೆ ಬುಟ್ಟಿ. ಕುತ್ತಿಗೆ ನೆಟ್ಟಗೆ, ಕಣ್ಣು ನೇರ, ಕಾಲು ಮಾತ್ರ ಹತ್ರ ಹತ್ರ ಇಡ್ತಾ, ಸೊಂಟದಿಂದ ಮೇಲೆ ಅಲುಗದ ಹಾಗೆ ನಡೆದು ಬಂದ್ಲು. ನಮ್ಮದೇ ಸೀರೆ, ನಮ್ಮದೇ ಪಿನ್ನಿನ ರವಿಕೆ. ಇಷ್ಟು ವರ್ಷ ಅದನ್ನ ಒಗೆದು ಮಡಿಸಿದ ನನಗೇ ಅದು ಹೊಸ ಸೀರೆ ಥರ ಕಾಣ್ತು. ಮುಂದಿನ ಕುರ್ಚಿಯಲ್ಲಿದ್ದ ಇಬ್ಬರು ಮಾತು ನಿಲ್ಲಿಸಿ ಅವಳನ್ನೇ ನೋಡಿದ್ರು. ನಾನು ಗಮ್ಮಿನ ಬಾಟ್ಲಿ ಗಟ್ಟಿಯಾಗಿ ಹಿಡ್ಕೊಂಡೆ.

ಸರಿಯಾಗಿ ಆಗ್ಲೇ ಮುಖ್ಯ ಅತಿಥಿಗಳ ಕಾರು ಬರಬೇಕೇ! ಹೆಡ್ ಮೇಷ್ಟ್ರು ಎದ್ದು ಬಿದ್ದು ಓಡಿದ್ರು. ಮೈಕಲ್ಲಿ, "ಗಣ್ಯರಿಗೆ ಆದರದ ಸ್ವಾಗತ" ಅಂತ ಶುರುವಾಯ್ತು. ಹೆಡ್ ಮೇಷ್ಟ್ರು ಮಕ್ಕಳ ಕಡೆ ಕೈ ತೋರಿಸಿ, "ಹಾಗೇ ನಿಂತಿರಿ, ಹಾಗೇ, ಯಾರೂ ಅಲ್ಲಾಡಬೇಡಿ" ಅಂದ್ರು. ಅತಿಥಿಗಳನ್ನ ಸ್ಟೇಜಿಗೇ ಕರ್ಕೊಂಡು ಬಂದ್ರು. ರಾಜ ಪಕ್ಕಕ್ಕೆ ಸರಿದ. ಹಾರ ಹಾಕಿದ್ರು. ಶಾಲು ಹೊದಿಸಿದ್ರು. ಫೋಟೋದವನು ಸರಿಯಾಗಿ ಬರಲಿಲ್ಲ ಅಂದ, ಮತ್ತೆ ಹೊದಿಸಿದ್ರು. ಹಣ್ಣಿನ ಬುಟ್ಟಿ ಕೊಟ್ರು. ಪೇಟ ತೊಡಿಸೋಕೆ ಹೋದ್ರೆ ಅದು ಅತಿಥಿಗಳ ತಲೆಗೆ ಚಿಕ್ಕದಾಯ್ತು, ಬಿಚ್ಚಿ ಮತ್ತೆ ಸುತ್ತೋಕೆ ಶುರು ಮಾಡಿದ್ರು.

ಉಳಿದ ಹುಡುಗೀರಿಗೇನು, ಖಾಲಿ ಬುಟ್ಟಿ. ಕೆಲವರು ಆಗ್ಲೇ ಕೆಳಗಿಟ್ಟು ಜಡೆ ಸರಿ ಮಾಡ್ಕೊತಿದ್ರು. ಇವಳು ಇಳಿಸೋ ಹಾಗಿಲ್ಲ. ಅಷ್ಟು ಭಾರದ ಬುಟ್ಟೀನ ಒಬ್ಬಳೇ ತಲೆಯಿಂದ ಇಳಿಸೋಕಾಗಲ್ಲ, ಎದುರಿಗೆ ಇನ್ನೊಬ್ಬರು ನಿಂತು ಹಿಡೀಬೇಕು. ನಾಟಕದಲ್ಲಿ ಅದನ್ನ ಯಾರು ಯೋಚಿಸ್ತಾರೆ? ಥರ್ಮಾಕೋಲ್ ಇಳಿಸೋಕೆ ಯಾರು ಬೇಕು? ಪಕ್ಕದವಳಿಗೆ ಕಣ್ಣಲ್ಲೇ ಸನ್ನೆ ಮಾಡಿದ್ಲು, ಆ ಪುಟ್ಟ ಹುಡುಗಿ ಇವಳ ಹೆಗಲಿಗೂ ಬರ್ತಿರಲಿಲ್ಲ, ಕೈ ಎತ್ತಿದ್ರೂ ಸಿಗಲಿಲ್ಲ. ಇವಳ ಕುತ್ತಿಗೆಯ ನರ ಎದ್ದು ಕಾಣ್ತಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಏನಾದ್ರೂ ಆಗ್ಲಿ ಅಂತ ಸ್ಟೇಜಿನ ಮೆಟ್ಟಿಲಿಗೆ ಕಾಲಿಟ್ಟೆ.

ನನಗಿಂತ ಮೊದಲೇ ಒಬ್ಬರು ನನ್ನ ತಳ್ಕೊಂಡು ಹತ್ತಿದ್ರು. ಸೀರೆ ಮೇಲೆ ಗಂಡಸರ ಶರ್ಟು, ಅದರ ಮೇಲೆ ಬಿಲ್ಡಿಂಗ್ ಕೆಲಸದವರ ಹಳದಿ ಜಾಕೆಟ್ಟು. ಹಿಂದಿನ ಕಾಂಪೌಂಡಿಂದ ಆ ಜನದ ಮಧ್ಯೆ ಯಾವಾಗ ನುಗ್ಗಿ ಬಂದ್ಲೋ ಗೊತ್ತಿಲ್ಲ. ಅತಿಥಿಗಳನ್ನ ನೋಡಲಿಲ್ಲ, ಹೆಡ್ ಮೇಷ್ಟ್ರನ್ನ ನೋಡಲಿಲ್ಲ, ಆ ಇಪ್ಪತ್ತು ಹುಡುಗೀರಲ್ಲಿ ಇನ್ನೊಬ್ಬಳ ಮುಖಾನೂ ನೋಡಲಿಲ್ಲ. ನೆಟ್ಟಗೆ ಹೋಗಿ ಮಗಳ ಎದುರಿಗೆ ನಿಂತ್ಲು. ಮಗಳು ಮೊಣಕಾಲು ಸ್ವಲ್ಪ ಬಗ್ಗಿಸಿದ್ಲು. ಅವ್ವ ಬುಟ್ಟಿಯ ಎರಡೂ ಅಂಚು ಹಿಡಿದು, "ಹೂಂ, ಬಿಡು" ಅಂದ್ಲು, ಇಳಿಸಿ ತನ್ನ ಸೊಂಟಕ್ಕೆ ತಗೊಂಡ್ಲು.

ಭಾರ ಕೈಗೆ ಬಂದ ಮೇಲೆ ಅವಳ ಸಿಟ್ಟು ಏರಿತು. ಮಗಳ ಕಡೆ, "ನಿನ್ನ ಬುದ್ಧಿ ಎಲ್ಲಿ ಹೋಗಿತ್ತ? ಇಷ್ಟು ತುಂಬ್ತಾರೇನು?" ಅಂದ್ಲು. ಆಮೇಲೆ ಹೆಡ್ ಮೇಷ್ಟ್ರ ಕಡೆ ತಿರುಗಿ, "ಇಷ್ಟು ಮಂದಿ ಹೊರಲಿಕ್ಕ ಅದಾರ, ಇಳಿಸಲಿಕ್ಕ ಒಬ್ಬಾಕಿನ್ನೂ ಇಟ್ಟಿಲ್ಲಲ್ರೀ ಸಾರ್ ನಿಮ್ಮ ನಾಟಕದಾಗ!"

ಮೈಕು ಅಲ್ಲೇ ಇತ್ತು. ಇಡೀ ಮೈದಾನಕ್ಕೆ ಕೇಳಿಸ್ತು.

ಹಿಂದೆ ನಿಂತಿದ್ದ ತಾಯಂದಿರು ಹೋ ಅಂತ ನಕ್ಕರು, ಚಪ್ಪಾಳೆ ಹೊಡೆದ್ರು. ಅರ್ಧ ಸುತ್ತಿದ ಪೇಟದಲ್ಲಿ ಅತಿಥಿಗಳೂ ನಕ್ಕರು. ಹೆಡ್ ಮೇಷ್ಟ್ರು ಮೊದಲು ಕೆಂಪಗಾದ್ರು, ಆಮೇಲೆ ಅವರೇ ಬಂದು ಬುಟ್ಟಿಗೆ ಕೈ ಹಾಕಿ ಎತ್ತಿ ನೋಡಿ, "ಅಯ್ಯೋ ದೇವ್ರೇ, ಇದು ನಿಜವಾದ ಮಣ್ಣು!" ಅಂದ್ರು. ಹುಡುಗಿ "ಅವ್ವಾ, ನಾಟಕ ನಡದದ, ಇಳಿ ಕೆಳಗ" ಅಂತ ಹಲ್ಲು ಕಚ್ಕೊಂಡು ಅಂತಿದ್ಲು. ನಾಚಿಕೆಯಿಂದ ಸತ್ತೇ ಹೋಗೋ ಹಾಗಿದ್ಲು, ಆದ್ರೆ ಮುಖದ ನಗು ಮಾತ್ರ ಮುಚ್ಚಿಡೋಕಾಗ್ತಿರಲಿಲ್ಲ. ಅವ್ವನಿಗೆ ಯಾವ ಕಡೆ ಇಳೀಬೇಕು ಅಂತ ತಿಳೀಲಿಲ್ಲ. ಅಷ್ಟರಲ್ಲಿ ರಾಜ ಶುರು ಹಚ್ಕೊಂಡುಬಿಟ್ಟ. ಹಾಗಾಗಿ ಕೆರೆ ಕಟ್ಟಿಸಿದ ರಾಜನ ಉದ್ದನೆಯ ಭಾಷಣ ಮುಗಿಯೋವರೆಗೂ ಆ ಸಾಲಿನ ಕೊನೇಲಿ, ಮಗಳ ಪಕ್ಕ, ಹಳದಿ ಜಾಕೆಟ್ಟಲ್ಲಿ, ಬುಟ್ಟಿ ಸೊಂಟಕ್ಕಿಟ್ಟು ಅವ್ವಾನೂ ನಿಂತಿದ್ಲು. ರಾಜನನ್ನ ಯಾರೂ ನೋಡಲಿಲ್ಲ, ಪಾಪ.

ಎಲ್ಲಾ ಮುಗಿದ ಮೇಲೆ ನಾನು ಕ್ಲಾಸ್ ರೂಮಲ್ಲಿ ಸೀರೆ ಮಡಿಸ್ತಾ ಕೂತಿದ್ದೆ. ಟೀಚರು ಬಂದು ನನ್ನ ಕೈ ಹಿಡ್ಕೊಂಡ್ರು. "ಅಕ್ಕಾರ, ಬರೋ ವರ್ಷ ಇವ್ರಿಗೆ ಮಾತು ನಾನೇ ಬರೀತೀನಿ. ಪಾಠದಾಗ ಇಲ್ಲ ಅಂದ್ರ ಇಲ್ಲ, ಕೆರಿ ಕಟ್ಟಲಿಕ್ಕ ಇದ್ರಲ್ಲ!" ಅಂದ್ರು. ಬರೋ ವರ್ಷ ಅವರ ಕೆಲಸ ಅಲ್ಲೇ ಇರತ್ತೋ ಇಲ್ವೋ ಅವರಿಗೇ ಗೊತ್ತಿಲ್ಲ. ಆದ್ರೂ ಹಾಗಂದ್ರು, ನನಗೆ ಸಮಾಧಾನ ಆಯ್ತು.

ಹುಡುಗಿ ಬುಟ್ಟಿ ತೊಳೆಯೋಕೆ ನಲ್ಲಿ ಹತ್ರ ಹೋದ್ಲು. ಅವ್ವ ನನ್ನ ಪಕ್ಕ ಬಂದು ಕೂತು, ಯಾರೂ ಹೇಳದೇನೇ ಸೀರೆ ಮಡಿಸೋಕೆ ಶುರು ಮಾಡಿದ್ಲು. ಆ ಕೈ ಎಷ್ಟು ಒರಟು ಅಂದ್ರೆ ಸಿಂಥೆಟಿಕ್ ಬಟ್ಟೆ ಅಲ್ಲಲ್ಲಿ ಸಿಕ್ಕಾಕ್ಕೊಳ್ತಿತ್ತು. ನಾನೇ ಮಾತು ತೆಗೆದೆ.

"ಅಷ್ಟು ದೂರದಿಂದ ಹೇಗಮ್ಮಾ ಗೊತ್ತಾಯ್ತು ನಿಮ್ಮ ಮಗಳು ಅಂತ? ಎಲ್ರೂ ಒಂದೇ ಥರ ಇದ್ರಲ್ಲ."

"ನಡದು ಬಂದ್ಲು ನೋಡ್ರಿ, ಗೊತ್ತಾತು. ನನ್ನ ಮಗಳ ನಡಗಿ ನನಗ ಗೊತ್ತಿಲ್ಲೇನ್ರಿ?" ಅಂತ ನಕ್ಕಳು. ಆಮೇಲೆ ಕೈಯಲ್ಲಿದ್ದ ಸೀರೆ ತೊಡೆ ಮೇಲಿಟ್ಟು, ಬಾಗಿಲ ಕಡೆ ನೋಡಿ, ದನಿ ಇಳಿಸಿದ್ಲು.

"ಹ್ವಾದ ವರ್ಷ ನನಗ ಆಕಿ ಕಾಣಲೇ ಇಲ್ರೀ ಅಕ್ಕಾರ. ಎಲ್ಲಾರ ಮುಖಾನೂ ನೋಡ್ದೆ, ತಿಳೀಲೇ ಇಲ್ಲ. ಮಗಳು ನನ್ನ ಕಡಿ ನೋಡ್ಲತ್ತಿರ್ತಾಳ, ಸುಮ್ನ ನಿಂತ್ರ ಆಕಿಗೆ ಕೆಟ್ಟ ಅನಸ್ತದ ಅಂತ ಒಂದು ಕಡಿ ಮುಖ ಮಾಡಿ ಚಪ್ಪಾಳಿ ಹೊಡ್ದೆ. ಮನ್ಯಾಗ ಬಂದು, ಆ ತುದೀಗೆ ನಿಂತಿದ್ದಿ ಅಲ್ಲ, ಚಂದ ಕಂಡಿ ಅಂದೆ. ಹೂಂ ಅವ್ವಾ ಅಂದ್ಲು. ಹೆಂಗೋ, ಸುಳ್ಳು ಖರೇ ಆತು ಅಂತ ಜೀವ ತಣ್ಣಗಾತು."

ನಾನು ಬಾಗಿಲಾಚೆ ನಲ್ಲಿ ಕಡೆ ನೋಡಿದೆ.

"ಆಕಿಗೆ ಹೇಳಬ್ಯಾಡ್ರಿ ಮತ್ತ" ಅಂದ್ಲು. "ಸಂಕಟ ಮಾಡ್ಕೊಂತಾಳ."

"ಇಲ್ಲಮ್ಮಾ, ಹೇಳಲ್ಲ" ಅಂದೆ.

ಹೊರಗಿಂದ ಹುಡುಗಿ ಕೂಗಿದ್ಲು, ಬುಟ್ಟಿ ತೊಳೆದಾಯ್ತು, ಬಾ ಹೋಗೋಣ ಅಂತ. ಅವ್ವ ತೊಡೆ ಮೇಲಿದ್ದ ಸೀರೆ ಮಡಿಸಿಟ್ಟು ಎದ್ದು ಹೋದ್ಲು.